ಆಯಾಸ ಅಂದರೆ ಯಾವ ಆಯಾಸ?

ಕಳೆದ ತಿಂಗಳು ನಾನು ನಮ್ಮ ಅತ್ತೆಗೆ ಒಂಬತ್ತು ದಿನ ಹಿಂಸೆ ಕೊಟ್ಟೆ. ಬೇರೆ ಯಾರೋ ಹೊರಿಸಿದ ಆರೋಪವಲ್ಲ. ನನ್ನದೇ ನೋಟ್‌ಬುಕ್ಕಿನಲ್ಲಿ, ನನ್ನದೇ ಅಕ್ಷರದಲ್ಲಿ, ತಾರೀಕು ಸಮೇತ ಇದೆ. ಜೂನ್ 9, ಸೋಮವಾರದಿಂದ ಜೂನ್ 18, ಬುಧವಾರದವರೆಗೆ.

ಹಿಂಸೆ ಅಂದರೆ ಏನು ಮಾಡಿದೆ? ಮಲಗಿಸಿದೆ. ಅಷ್ಟೇ. ಬೆನ್ನ ಹಿಂದಿನ ದಿಂಬು ತೆಗೆದು, ಹೊದಿಕೆ ಹೊದಿಸಿ, "ಮಲಗು ಅತ್ತೆ, ರೆಸ್ಟ್ ತಗೊ" ಅಂತ ಪ್ರೀತಿಯಿಂದ ಹೆಗಲು ಅದುಮಿದೆ. ಅವಳು ಏಳುವಳು. ನಾನು ಮಲಗಿಸುವೆ. ಮತ್ತೆ ಏಳುವಳು. ಮತ್ತೆ ಮಲಗಿಸುವೆ. ಎಷ್ಟು ಸಲ ಎದ್ದಳು ಅನ್ನುವುದೂ ಬರೆದಿದ್ದೇನೆ. ಆ ಸಂಖ್ಯೆ ಮಾತ್ರ ಇಲ್ಲಿ ಹಾಕುವುದಿಲ್ಲ.

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತು. ನಾನು ಎಣಿಸುತ್ತೇನೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಪೀಸ್ ಲೆಕ್ಕ ಬರೆಯುವುದು ನನ್ನ ಕೆಲಸ. ಯಾವ ಮಷೀನಿನಿಂದ ಎಷ್ಟು ಜೇಬು, ಎಷ್ಟು ಜಿಪ್ಪು, ಎಷ್ಟು ವಾಪಸ್. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಕರೆಂಟ್ ಎಷ್ಟು ಸಲ ಹೋಯಿತು, ಬಸ್ ಎಷ್ಟು ನಿಮಿಷ ತಡ, ಎಲ್ಲಾ ಬರೆದಿಡುತ್ತೇನೆ. (ಇದೇನು ಕಾಯಿಲೆಯಾ ಅಂತ ಓದುಗರೊಬ್ಬರು ಕೇಳಿದ್ದರು. ಇರಬಹುದ್ರಿ.)

ಅತ್ತೆಯ ವಿಷಯಕ್ಕೆ ಬರುತ್ತೇನೆ. ಹನುಮಕ್ಕತ್ತೆ, ನಮ್ಮಪ್ಪನ ಅಕ್ಕ. ಹುಟ್ಟಿದ್ದು ಗುಮ್ಮಘಟ್ಟದ ಕಡೆ, ಕುರಿ ಸಾಕುವ ಮನೆಯಲ್ಲಿ. ಕೊಟ್ಟಿದ್ದು ಮಡಕಶಿರಾ ಆಚೆ, ಅಮರಾಪುರದ ಹತ್ತಿರದ ಹಳ್ಳಿಗೆ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಮೇಯಿಸುವ ಮನೆಗೆ. ಕುರಿ ಮಾತ್ರ ಗೊತ್ತಿದ್ದವಳು ಹುಳ ಕಲಿತಳು. ಕಲಿತಳು ಅಂದರೆ ಸಾಲದು. ಆ ಸುತ್ತಿನಲ್ಲಿ ಯಾರ ಮನೆಯ ಹುಳ ಮಂಕಾದರೂ ಮೊದಲು ಬರುವುದು ಅವಳ ಹತ್ತಿರ. ಹುಳದ ಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಮೂಸಿ, "ಗಾಳಿ ಸತ್ತೋಗೈತೆ ಒಳಗೆ, ಆ ಕಿಟಕಿ ತಗೀರಿ" ಅನ್ನುತ್ತಿದ್ದಳು. ಹುಳ ಒತ್ತೊತ್ತಾಗಿದ್ದರೆ ಬಿಡಿಸಿ ಹರಡಿಸುತ್ತಿದ್ದಳು. ಒಂದು ದಿನದಲ್ಲಿ ಹುಳ ಚುರುಕಾಗುತ್ತಿತ್ತು.

ಆದರೆ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಸೌದೆ ಒಲೆ, ಊದುಗೊಳವೆ, ಹೊಗೆ. ನಲವತ್ತು ವರ್ಷ. ಗ್ಯಾಸ್ ಬರುವ ಹೊತ್ತಿಗೆ ಶ್ವಾಸಕೋಶ ಕೆಟ್ಟಿತ್ತು. ಇನ್‌ಹೇಲರ್ ಎಳೆದಳು, ಮಾತ್ರೆ ನುಂಗಿದಳು, ಮೂರು ಸಲ ಅಡ್ಮಿಟ್ ಆದಳು. ಈ ಬೇಸಿಗೆಯಲ್ಲಿ ದೊಡ್ಡ ಆಸ್ಪತ್ರೆಯವರು ಅವಳ ಮಗನನ್ನು ಪಕ್ಕಕ್ಕೆ ಕರೆದು ಹೇಳಿದರು: ಶ್ವಾಸಕೋಶ ಇನ್ನು ಸರಿಹೋಗುವುದಿಲ್ಲ, ಕೆಲವೇ ತಿಂಗಳು, ಮುಂದಿನ ಸಲ ಕರೆತಂದರೆ ಗಂಟಲಿಗೆ ಪೈಪ್ ಹಾಕಬೇಕಾಗುತ್ತದೆ, ಬೇಕಾ ಬೇಡವಾ ಯೋಚಿಸಿ.

ಬೇಡ ಅಂದವಳು ಅತ್ತೆಯೇ. ಮಗ ಎಷ್ಟು ಮುಚ್ಚಿಟ್ಟರೂ ಅವಳಿಗೆ ಗೊತ್ತಾಗಿತ್ತು.

"ಪೈಪ್ ಆಕಿದ್ಮೇಲೆ ಮಾತಾಡಕ್ಕಾಯ್ತದಾ?" ಅಂತ ಕೇಳಿದಳಂತೆ.

"ಆಗಲ್ಲ."

"ಹಂಗಾರೆ ಬ್ಯಾಡ. ನಾನ್ ಮಾತಾಡ್ದೆ ಇದ್ರೆ ಈ ಮನೆ ನಡೆಯಲ್ಲ."

ಜಂಬದ ಮಾತಲ್ಲ. ನಿಜವೇ. ಆ ಮನೆ ಅವಳ ಬಾಯಿಂದಲೇ ನಡೆಯುತ್ತಿತ್ತು. ಅವಳಿಗೆ ಬೇಕಾಗಿದ್ದು ಇಷ್ಟೇ: ಉಳಿದಷ್ಟು ದಿನ ಮನೆಯಲ್ಲಿ, ಕೂತು, ಮಾತಾಡಿಕೊಂಡು ಇರಬೇಕು. ಜೂನ್ ಬೆಳೆಯ ಹುಳವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟೆಗೆ, ಬಿಡುವ ದಿನ ತಾನೇ ಹೇಳಬೇಕು. ಇದೇನು ದೊಡ್ಡ ಆಸೆಯಾ?

ಜೂನ್ 1, ಭಾನುವಾರ, ಮೂರು ಬಸ್ಸು ಬದಲಿಸಿ ನಾನು ಅಲ್ಲಿಗೆ ಹೋದೆ. ಯೂನಿಟ್ಟಿನಲ್ಲಿ ಆರ್ಡರ್ ಕಡಿಮೆ ಇತ್ತು, ರಜೆ ಸಿಕ್ಕಿತು. ಮನೆಯಲ್ಲಿ ಅತ್ತೆ, ಅವಳ ಮಗ ರಂಗಸ್ವಾಮಿ ಬಾವ, ಸೊಸೆ ಶಾರದಕ್ಕ. ಬಾವ ತೋಟಕ್ಕೆ ಹೋದರೆ ಸೊಪ್ಪಿನ ಹೊರೆಯ ಜೊತೆಗೇ ಬರುವುದು. ಶಾರದಕ್ಕನಿಗೆ ಹುಳದ ಮನೆ, ಅಡುಗೆಮನೆ, ಅತ್ತೆ, ಮೂರೂ. ನಾನು ಏನು ಮಾಡಬಲ್ಲೆ? ಎಣಿಸಬಲ್ಲೆ.

ಹೊಸ ನೋಟ್‌ಬುಕ್ ತೆಗೆದೆ. ಗೆರೆ ಎಳೆದೆ. ಒಂದು ಕಾಲಂ "ಕೆಮ್ಮು". ಒಂದು "ಉಸಿರು ಕಟ್ಟಿದ್ದು". ಒಂದು "ಊಟ". ಒಂದು "ನಿದ್ದೆ". ಮೊದಲ ದಿನ ಮಧ್ಯಾಹ್ನವೇ ಇನ್ನೊಂದು ಕಾಲಂ ಬೇಕಾಯಿತು. ಯಾಕೆಂದರೆ ಅತ್ತೆ ಪದೇ ಪದೇ ಹೇಳುತ್ತಿದ್ದದ್ದು ಒಂದೇ ಮಾತು.

"ಏನತ್ತೆ, ಹೆಂಗಿದೀಯ?"

"ಆಯಾಸ ಕಣೇ."

ಬಚ್ಚಲಿಗೆ ಹೋಗಿ ಬಂದರೆ ಆಯಾಸ. ಮುದ್ದೆ ಎರಡು ತುತ್ತು ನುಂಗಿದರೆ ಆಯಾಸ. ಸೀರೆ ಸುತ್ತಿಕೊಂಡರೆ ಆಯಾಸ. ಮಲಗಿದರೂ ಆಯಾಸ. ಬರೆದೆ. ಸಲಕ್ಕೊಂದು ಗೆರೆ, ಐದಕ್ಕೊಂದು ಅಡ್ಡಗೆರೆ, ಯೂನಿಟ್ಟಿನಲ್ಲಿ ಬಂಡಲ್ ಎಣಿಸುವ ಹಾಗೆ. ವಾರ ಮುಗಿದಾಗ ಕೂಡಿಸಿದೆ. ಕೆಮ್ಮು ನಲವತ್ತೊಂದು. ಆಯಾಸ ಅರವತ್ತನಾಲ್ಕು. ಉಸಿರು ಕಟ್ಟಿದ್ದು? ಎರಡು.

ಅವಳ ಎದೆ ಏರಿಳಿಯುವುದು ಕಾಣುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಕಾಣುತ್ತಿತ್ತು. ಆದರೆ ವರ್ಷಗಟ್ಟಲೆ ನೋಡಿದ ಏರಿಳಿತ ಅದು. ಅತ್ತೆ ಇರುವುದೇ ಹಾಗೆ ಅಂದುಕೊಂಡಿದ್ದೆವು. ಅಲ್ಲದೆ ಅವಳು ಮಹಾ ಬಿಗುಮಾನದವಳು. ಯಾರಾದರೂ ಒಳಗೆ ಬಂದರೆ ಬಾಯಿ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಏನೂ ಆಗದವಳ ಹಾಗೆ ಕೂರುತ್ತಿದ್ದಳು. ಬಂದವರು ಹೋದ ಮೇಲೆ ಗೋಡೆ ಹಿಡಿಯುತ್ತಿದ್ದಳು.

ಜೂನ್ 9ರಂದು ನೋಟ್‌ಬುಕ್ ಹಿಡಿದು ಈ ತೆಲುಗು ರಾಜ್ಯದ ಗಡಿ ದಾಟಿದೆ. ಕರ್ನಾಟಕದ ಕಡೆಯ ಒಂದು ಊರಿನಲ್ಲಿ ಅತ್ತೆಗೆ ಮೊದಲಿನಿಂದ ಮಾತ್ರೆ ಬರೆಯುತ್ತಿದ್ದ ಡಾಕ್ಟರು. ಕನ್ನಡದವರು, ಒಳ್ಳೆಯವರು. ಅತ್ತೆಯನ್ನು ಬಸ್ಸಿನಲ್ಲಿ ಕರೆದೊಯ್ಯುವ ಹಾಗಿರಲಿಲ್ಲ. ನಾನೊಬ್ಬಳೇ ಹೋದೆ.

ಅವರು ಪುಟ ತಿರುಗಿಸಿ ನೋಡಿ ಖುಷಿಪಟ್ಟರು.

"ಇಷ್ಟು ಚೆನ್ನಾಗಿ ಯಾರೂ ಬರೆದು ತರಲ್ಲಮ್ಮ."

ನನಗೆ ಎರಡು ಅಡಿ ಉದ್ದ ಆದ ಹಾಗಾಯಿತು.

"ಉಸಿರಿನ ತೊಂದರೆ ಎರಡೇ ಸಲ. ಪರವಾಗಿಲ್ಲ. ಆಯಾಸ ಜಾಸ್ತಿ ಇದೆ. ಈ ಸ್ಟೇಜ್‌ನಲ್ಲಿ ಸುಸ್ತು ಸಹಜ. ಓಡಾಡಿಸಬೇಡಿ, ಕೂರಿಸಬೇಡಿ, ಆದಷ್ಟು ಮಲಗಿಸಿ. ರೆಸ್ಟ್ ಬೇಕು" ಅಂದರು. ಜೊತೆಗೆ ಒಂದು ಟಾನಿಕ್ ಬರೆದರು.

ಅವರದು ತಪ್ಪಾ? ಅಲ್ಲ. ಅವರು ನೋಡಿದ್ದು ಅತ್ತೆಯನ್ನಲ್ಲ, ನನ್ನ ನೋಟ್‌ಬುಕ್ಕನ್ನು. ಅದರಲ್ಲಿದ್ದದ್ದಕ್ಕೆ ಸರಿಯಾದ ಸಲಹೆಯನ್ನೇ ಕೊಟ್ಟರು.

ಹಾಗೆ ಶುರುವಾಯಿತು ಒಂಬತ್ತು ದಿನ. ಮಂಚದ ಮೇಲೆ ಮಲಗಿಸಿದೆವು. ಗಾಳಿ ತಾಕಿ ಶೀತವಾದೀತು ಅಂತ ಕಿಟಕಿ ಮುಚ್ಚಿದೆವು. ನೋಡಲು ಬಂದವರು ಮಂಚದ ಸುತ್ತ ಕೂತರು. ಹುಳದ ಮನೆಯಲ್ಲಿ ಚಾಕಿ ಹುಳ, ಅಂದರೆ ಮರಿ ಹುಳ, ಬಂದಿಳಿದವು. ಅತ್ತೆ ನೋಡಬೇಕು ಅಂದಳು. ಬೇಡ ಅಂದೆವು.

"ಎದ್ ಕುಂತ್ಕತೀನಿ ಕಣೇ, ಬುಡೇ."

"ಡಾಕ್ಟ್ರು ಮಲಗ್ಸಿ ಅಂದವ್ರೆ ಅತ್ತೆ."

"ಡಾಕ್ಟ್ರುಗೇನ್... ಆಯಾಸ... ಅವ್ರಿಗಾ... ನನಗಾ?"

ಬರೆದೆ. ಆಯಾಸ, ಇನ್ನೊಂದು ಗೆರೆ.

ಆ ಕಡೆ ಅಪ್ಪ ರಾಯದುರ್ಗದಿಂದ ದಿನಾ ಫೋನ್. "ಅಕ್ಕ ಹೆಂಗದಾಳ? ಮಕ್ಕಂಡಾಳ? ಯಾಕ ದನಿ ಕೇಳ್ಸವಲ್ಲದು?" ಫೋನ್ ಕಿವಿಗೆ ಹಿಡಿದರೆ ಅತ್ತೆ ಹೂಂ ಅನ್ನುವಳು, ಅಷ್ಟೇ. ಜಗತ್ತಿನಲ್ಲಿ ಎಲ್ಲರಿಗೂ ಬೈಯುವ ಹಕ್ಕಿದ್ದ ಹೆಂಗಸು ಹೂಂ ಅನ್ನುವ ಮಟ್ಟಕ್ಕೆ ಬಂದಿದ್ದಳು. ನಾವು ಅದನ್ನು ರೋಗದ ಲೆಕ್ಕಕ್ಕೆ ಬರೆದೆವು.

ಜೂನ್ 18, ಬುಧವಾರ, ಬೆಳಿಗ್ಗೆ ಹತ್ತೂವರೆ. ಅಂಗಳದಲ್ಲಿ ಸ್ಕೂಟಿ ನಿಂತಿತು. ಗುಣವಾಗದ ರೋಗಿಗಳನ್ನು ಮನೆಗೇ ಬಂದು ನೋಡುವ ನರ್ಸ್ ಒಬ್ಬರಿದ್ದಾರೆ ಅಂತ ಶಾರದಕ್ಕ ಆಶಾ ಕಾರ್ಯಕರ್ತೆಯಿಂದ ತಿಳಿದು ಹೇಳಿಕಳಿಸಿದ್ದಳು. ಬಂದವರು ರಮಾದೇವಿ ಸಿಸ್ಟರ್. ಐವತ್ತರ ಹತ್ತಿರದ ವಯಸ್ಸು, ತೆಲುಗಿನವರು, ಕನ್ನಡ ಬರುತ್ತದೆ ಆದರೆ ತೆಲುಗಿನ ದಾರಿಯಲ್ಲಿ ಬರುತ್ತದೆ.

ಅವರು ಅತ್ತೆಯ ನಾಡಿ ಹಿಡಿದು, ಇನ್ನೊಂದು ಕೈ ನನ್ನ ಕಡೆ ಚಾಚಿ, "ಬರೆದಿರೋದು ಕೊಡಮ್ಮ" ಅಂದರು. ಕೊಟ್ಟೆ. ಮತ್ತೆ ಶಹಭಾಸ್ ಬರುತ್ತದೆ ಅಂತ ಕಾದೆ. (ಹೌದು, ಕಾದೆ. ಡೈರಿಯಲ್ಲಿ ಸುಳ್ಳು ಬರೆಯುವುದಿಲ್ಲ, ಅಂಕಣದಲ್ಲೂ ಬರೆಯುವುದಿಲ್ಲ.)

ನಮ್ಮ ಎರಡು ಲಿಪಿಗಳೂ ಅಕ್ಕತಂಗಿಯರು. ತೆಲುಗು ಓದುವವರು ಕನ್ನಡವನ್ನು ಕಷ್ಟಪಟ್ಟು ಓದಿಬಿಡುತ್ತಾರೆ. ಸಿಸ್ಟರ್ ಬೆರಳಿಟ್ಟು ಕೂಡಿಸಿ ಓದಿದರು. "ಆ... ಯಾ... ಸ. ಆಯಾಸ." ಗೆರೆ ಎಣಿಸಿದರು. ಮುಖ ಬದಲಾಯಿತು.

"ದಿನಕ್ಕೆ ಒಂಬತ್ತು ಸಲ, ಹತ್ತು ಸಲ ಆಯಾಸ ಬಂದಿದೆ. ಇಷ್ಟು ಆಯಾಸದಲ್ಲಿ ಮನುಷ್ಯರನ್ನ ಮಲಗಿಸ್ತಾರಾ? ಯಾರು ಹೇಳಿದ್ದು ಮಲಗಿಸು ಅಂತ?"

"ಆಯಾಸಕ್ಕೆ ರೆಸ್ಟ್ ಅಲ್ವಾ ಸಿಸ್ಟರ್" ಅಂದೆ.

ಅವರು ನನ್ನನ್ನು ನೋಡಿದರು. ನೋಟ್‌ಬುಕ್ ನೋಡಿದರು. ಆಮೇಲೆ ಅತ್ತೆಯ ಕಡೆ ಬಗ್ಗಿ ತೆಲುಗಿನಲ್ಲಿ ಕೇಳಿದರು.

"ಪೆದ್ದಮ್ಮಾ, ಆಯಾಸಮಾ? ಅಲಸಟಾ?"

ತೆಲುಗಿನಲ್ಲಿ ಪೆದ್ದಮ್ಮ ಅಂದರೆ ದೊಡ್ಡಮ್ಮ, ಅಲಸಟ ಅಂದರೆ ಸುಸ್ತು. ಆಯಾಸಂ ಅಂದರೆ ಏದುಸಿರು, ಉಸಿರಾಡಲು ಒದ್ದಾಟ. ಎಂಟು ವರ್ಷದ ಮಗುವಿಗೂ ಇಲ್ಲಿ ಇದು ಗೊತ್ತು. ನನಗೂ ಗೊತ್ತು. ಸಂತೆಯಲ್ಲಿ, ಬಸ್ಸಿನಲ್ಲಿ, ತೆಲುಗಿನಲ್ಲಿ ಮಾತಾಡುವಾಗ ನಾನೇ ಆ ಅರ್ಥದಲ್ಲಿ ಬಳಸುತ್ತೇನೆ. ಆದರೆ ಅತ್ತೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಕನ್ನಡದಲ್ಲಿ ಆಯಾಸ ಅಂದರೆ ದಣಿವು. ನಾನು ಕನ್ನಡದ ಕಾಲಂ ಹಾಕಿದೆ.

ಅತ್ತೆ ಕಣ್ಣು ಬಿಟ್ಟಳು. "ಆಯಾಸಮೇ ತಲ್ಲೀ," ಅಂದಳು. ಉಸಿರು ಎಳೆದುಕೊಂಡಳು. "ಅಲಸಟ ಕಾದು." ಸುಸ್ತಲ್ಲ, ಅಂತ.

ಒಂದೇ ಪುಟ. ಕನ್ನಡದಲ್ಲಿ ಓದಿದರೆ ಸುಸ್ತಾಗಿ ಮಲಗಬೇಕಾದ ಹೆಂಗಸು. ತೆಲುಗಿನಲ್ಲಿ ಓದಿದರೆ ವಾರದಲ್ಲಿ ಅರವತ್ತನಾಲ್ಕು ಸಲ ಗಾಳಿಗೆ ಒದ್ದಾಡಿದ ಹೆಂಗಸು. ಗೆರೆ ಒಂದೂ ತಪ್ಪಿರಲಿಲ್ಲ. ಕಾಲಮ್ಮಿನ ತಲೆಬರಹಕ್ಕೆ ಎರಡು ಅರ್ಥ ಇತ್ತು, ನಾನು ಒಂದನ್ನೇ ಓದಿದ್ದೆ.

"ಅತ್ತೆ, ಉಸಿರು ಕಟ್ತೈತೆ ಅಂತ ಒಂದ್ಸಲ ಹೇಳ್ಬಾರ್ದಾಗಿತ್ತಾ?" ಅಂದೆ.

ಉತ್ತರ ಶಾರದಕ್ಕ ಕೊಟ್ಟಳು. "ಮಾವ ಹೋಗೋವಾಗ ಆ ಮಾತು ಹೇಳಿದ್ದು ಕಣಮ್ಮ. ಅದಾದ ಅರ್ಧ ಗಂಟೆಗೆ ಹೋದ್ರು. ಅವತ್ತಿಂದ ನಮ್ಮತ್ತೆ ಆ ಮಾತು ಬಾಯಲ್ಲಿ ತರಲ್ಲ. ಆಸ್ಪತ್ರೇಲಿ ಸಿಸ್ಟರುಗಳು ಆಯಾಸ ಅಂತಾರಲ್ಲ, ಅದನ್ನೇ ಕಲ್ತ್ಕಂಡವ್ರೆ."

ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. "ಏಳಿ, ಕೆಲಸ ಇದೆ" ಅಂದರು.

ಮೊದಲು ಅತ್ತೆಯನ್ನು ಎಬ್ಬಿಸಿ ಮಂಚದ ಅಂಚಿನಲ್ಲಿ ಕೂರಿಸಿದರು, ಕಾಲು ನೆಲಕ್ಕೆ ಊರುವಂತೆ. ಮುಂದಕ್ಕೆ ಬಾಗಿ ಒರಗಲು ಏನಾದರೂ ಬೇಕು ಅಂದರು. ಟೇಬಲ್ ಎತ್ತರವಾಯಿತು. ದಿಂಬು ಕುಸಿಯಿತು. ಶಾರದಕ್ಕ ಒಳಗಿನಿಂದ ಅರ್ಧ ತುಂಬಿದ ರಾಗಿ ಮೂಟೆ ತಂದು ಸ್ಟೂಲಿನ ಮೇಲಿಟ್ಟು, ಮೇಲೆ ಹಳೇ ಸೀರೆ ಹಾಸಿದಳು. ಅತ್ತೆ ಎರಡೂ ತೋಳು ಅದರ ಮೇಲೆ ಚೆಲ್ಲಿ, ಕೆನ್ನೆ ಒತ್ತಿ ಬಾಗಿದಳು. ರಾಗಿ ಸರಿದು ಅವಳ ತೋಳಿಗೆ, ಕೆನ್ನೆಗೆ ತಕ್ಕ ಹಾಗೆ ಜಾಗ ಮಾಡಿಕೊಟ್ಟಿತು. ಹೆಗಲು ಇಳಿದವು. ಎಷ್ಟೋ ದಿನದಿಂದ ಕಿವಿಯವರೆಗೆ ಏರಿ ನಿಂತಿದ್ದ ಹೆಗಲು ಅವು.

ಸಿಸ್ಟರ್ ಮೂಟೆಯನ್ನೊಮ್ಮೆ ತಟ್ಟಿ ನೋಡಿದರು. "ಇದು ನನಗೂ ಗೊತ್ತಿರ್ಲಿಲ್ಲ. ಇನ್ನು ಎಲ್ಲಾ ಮನೇಲೂ ಇದನ್ನೇ ಹೇಳ್ತೀನಿ" ಅಂದರು.

ಆಮೇಲೆ ಕಿಟಕಿ ತೆಗೆಸಿದರು. ಮಂಚದ ಸುತ್ತ ಕೂತಿದ್ದವರನ್ನು ಹೊರಗೆ ಕಳಿಸಿದರು. ಟೇಬಲ್ ಫ್ಯಾನ್ ತರಿಸಿ, ಕೆನ್ನೆ ಮತ್ತು ಮೂಗಿಗೆ ಗಾಳಿ ನೇರ ಬೀಳುವ ಹಾಗೆ ಒಂದು ಪಕ್ಕದಿಂದ ಇಟ್ಟರು. ಮುಖಕ್ಕೆ ಗಾಳಿ ತಾಕಿದರೆ ಮೆದುಳಿಗೆ ಗಾಬರಿ ಕಡಿಮೆಯಾಗುತ್ತದಂತೆ. ಬಾವ ಆಕ್ಸಿಜನ್ ಸಿಲಿಂಡರ್ ತರಲಾ ಅಂದ. ಸಿಸ್ಟರ್ ಅತ್ತೆಯ ಬೆರಳಿಗೆ ಕ್ಲಿಪ್ ಹಾಕಿ ನೋಡಿ, "ಈಗ ಅಷ್ಟು ಇಳಿದಿಲ್ಲ. ಈ ಹೊತ್ತಿಗೆ ಫ್ಯಾನೇ ಸಾಕು. ಬೇಕಾದಾಗ ಡಾಕ್ಟರೇ ಹೇಳ್ತಾರೆ" ಅಂದರು.

ಅತ್ತೆ ತಲೆ ಎತ್ತದೆಯೇ ಏನೋ ಹೇಳಿದಳು. ಶಾರದಕ್ಕ ಬಗ್ಗಿ ಕೇಳಿಸಿಕೊಂಡು ನಕ್ಕಳು.

"ಏನಂತೆ?"

"ಹುಳಕ್ಕೆ ಮಾಡೋದನ್ನ ನನಗೆ ಮಾಡಕ್ಕೆ ಇಷ್ಟ್ ದಿನ ಬೇಕಾಯ್ತಾ, ಅಂತಾವ್ರೆ."

ಕಿಟಕಿ ತೆಗೆ, ಗುಂಪು ಬಿಡಿಸು, ಗಾಳಿ ಆಡಲಿ. ನಲವತ್ತು ವರ್ಷ ಊರಿಗೆಲ್ಲ ಹೇಳಿದ್ದು ಅದನ್ನೇ ಅಲ್ಲವೇ? ಕೇಳಿದವರು ಅವಳನ್ನು ಮಾತ್ರ ಬಿಟ್ಟು ಎಲ್ಲಾ ಹುಳಕ್ಕೂ ಮಾಡಿದ್ದರು.

ಉಸಿರು ಬಿಡುವುದನ್ನು ಕಲಿಸುವಾಗ ಒಂದು ಎಡವಟ್ಟಾಯಿತು. ಮೂಗಿನಿಂದ ಎಳೆದುಕೊಂಡು, ತುಟಿ ಸಣ್ಣ ಮಾಡಿ ನಿಧಾನಕ್ಕೆ ಊದಬೇಕು. ಸಿಸ್ಟರ್ "ಒಲೆ ಊದ್ತಾರಲ್ಲ, ಆ ತರ ಪೆದ್ದಮ್ಮ" ಅಂದರು. ಅತ್ತೆ ಊದಿದಳು. ನಲವತ್ತು ವರ್ಷ ಹಸಿ ಸೌದೆ ಹೊತ್ತಿಸಿದ ಊದು ಅದು. ಇಡೀ ಎದೆ ಖಾಲಿಯಾಗಿ, ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂತು. ಸಿಸ್ಟರ್ ಗಾಬರಿಯಾದರು.

ಶಾರದಕ್ಕ ಎದುರು ಬಂದು ಕುಕ್ಕರುಗಾಲಲ್ಲಿ ಕೂತಳು. "ಒಲೆ ಬ್ಯಾಡ ಅತ್ತೆ. ಬಿಸಿ ಅಂಬ್ಲಿ ಆರಿಸ್ತೀವಲ್ಲ, ಹಂಗೆ. ಲೋಟ ತುಳುಕಬಾರ್ದು." ತಾನೇ ಇಲ್ಲದ ಲೋಟ ಹಿಡಿದು ಊದಿ ತೋರಿಸಿದಳು. ಅತ್ತೆಯೂ ಇಲ್ಲದ ಲೋಟ ಹಿಡಿದಳು. ಊದಿದಳು. ತುಳುಕಲಿಲ್ಲ. ಇಬ್ಬರೂ ಎದುರುಬದುರು ಕೂತು ಇಲ್ಲದ ಅಂಬಲಿ ಆರಿಸಿದರು. ಹತ್ತು ನಿಮಿಷ. (ಗಡಿಯಾರ ನೋಡಿದ್ದೆ.)

ಹೊರಡುವ ಮುಂಚೆ ಸಿಸ್ಟರ್ ನನ್ನ ನೋಟ್‌ಬುಕ್ ಹಿಂದಿರುಗಿಸಿದರು. ಬಿಸಾಕಿ ಅನ್ನುತ್ತಾರೆ ಅಂದುಕೊಂಡಿದ್ದೆ.

"ನಿಲ್ಲಿಸ್ಬೇಡ. ಆದ್ರೆ ಬೇರೆ ಎಣಿಸು. ಒಂದು ಉಸಿರಲ್ಲಿ ಎಷ್ಟು ಪದ ಮಾತಾಡ್ತಾರೆ, ಅದನ್ನ ಬರಿ. ಪದಕ್ಕೆ ಅರ್ಥ ಯಾವುದಾದ್ರೂ ಆಗ್ಲಿ, ಎಣಿಕೆ ಸುಳ್ಳು ಹೇಳಲ್ಲ."

ಆ ದಿನದ ಎಣಿಕೆ: ಮೂರು.

ಔಷಧಿಯ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಸಿಸ್ಟರ್ ತಮ್ಮ ಡಾಕ್ಟರಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ದರು. ಎರಡನೇ ದಿನ ಸಿಸ್ಟರ್ ಜೊತೆ ಡಾಕ್ಟರೇ ಬಂದು ಅತ್ತೆಯನ್ನು ನೋಡಿ, ಮಾರ್ಫಿನ್ ಬರೆದರು. ತೀರಾ ಸಣ್ಣ ಪ್ರಮಾಣ, ಬಾಯಿಗೆ ಹಾಕುವ ಮಾತ್ರೆ. ಹೆಸರು ಕೇಳಿ ಬಾವ ಮಾತ್ರೆಯ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋಗಿಬಿಟ್ಟ.

"ಅದು ಅಫೀಮು ಕಣಕ್ಕ. ಅಮ್ಮನ್ನ ಮಂಪರಲ್ಲಿ ಇಟ್ಟು ಸಾಯ್ಸಾ ಔಷ್ದಿ. ನಾನ್ ಕೊಡಲ್ಲ." ಸಿಸ್ಟರಿಗೆ ಅಕ್ಕ ಅಂತಲೇ ಅಂದ, ಆದರೆ ಅವರ ಮುಖ ನೋಡಲಿಲ್ಲ.

ಸಿಸ್ಟರ್ ಅವನ ಹಿಂದೆಯೇ ಅಂಗಳಕ್ಕೆ ಹೋಗಿ ಸೊಪ್ಪಿನ ಹೊರೆಯ ಮೇಲೆ ಕೂತರು. ಅವಸರ ಮಾಡಲಿಲ್ಲ. ಅವರು ಹೇಳಿದ್ದನ್ನು ನಾನು ಬಾಗಿಲಲ್ಲೇ ನಿಂತು ಬರೆದುಕೊಂಡೆ. ಶ್ವಾಸಕೋಶ ಕೆಟ್ಟಿದೆ, ಅದನ್ನು ಈ ಮಾತ್ರೆ ಸರಿಮಾಡುವುದಿಲ್ಲ. ಆದರೆ ಉಸಿರು ಸಾಲದು, ಉಸಿರು ಸಾಲದು ಅಂತ ಮೆದುಳು ಒಂದೇ ಸಮ ಗಂಟೆ ಬಾರಿಸುತ್ತಿದೆಯಲ್ಲ, ಆ ಗಂಟೆಯ ಸದ್ದು ಇಳಿಸುತ್ತದೆ. ಡಾಕ್ಟರು ಹೇಳಿದ ಅಳತೆ ಮೀರದಿದ್ದರೆ ಉಸಿರು ನಿಲ್ಲಿಸುವುದಿಲ್ಲ. ಮೊದಲೆರಡು ದಿನ ತೂಕಡಿಕೆ ಇರಬಹುದು. ಮಲಬದ್ಧತೆ ಖಂಡಿತ ಆಗುತ್ತದೆ, ಅದಕ್ಕೆ ಮೊದಲೇ ಬೇರೆ ಔಷಧಿ ಇದೆ. ಒಂದೊಂದು ಮಾತ್ರೆಗೂ ಹೊತ್ತು ಬರೆದಿಡಬೇಕು. ತಾನಾಗಿ ಹೆಚ್ಚಿಸಬಾರದು. ಬೇರೆ ಯಾರಿಗೂ ಕೊಡಬಾರದು.

ಬಾವ ನೆಲ ನೋಡುತ್ತಾ ಕೇಳಿದ. "ಮಾತಾಡ್ತಾಳಾ?"

"ಮಾತಾಡ್ಲಿ ಅಂತಾನೇ ಕೊಡ್ತಿರೋದು."

ಒಳಗಿನಿಂದ ಅತ್ತೆಯ ದನಿ ಬಂತು. ಮೂಟೆಯ ಮೇಲಿಂದಲೇ. "ಕೊಡೋ ರಂಗಾ."

ಎರಡೇ ಪದ. ಸಾಕಾಯಿತು. ಬಾವ ಎದ್ದು ಕೈ ತೊಳೆದು, ತಾನೇ ಮಾತ್ರೆ ಕೊಟ್ಟ. ನಾನು ಹೊತ್ತು ಬರೆದೆ. ಅವತ್ತಿನಿಂದ ಕೊನೆಯವರೆಗೆ ಒಂದು ಹೊತ್ತೂ ತಪ್ಪಲಿಲ್ಲ, ಒಂದು ಮಾತ್ರೆಯೂ ಹೆಚ್ಚಾಗಲಿಲ್ಲ. ಇದನ್ನು ಬರೆಯುವಾಗ ನನಗೆ ಹೆಮ್ಮೆ ಇದೆ. ಮುಚ್ಚಿಡುವುದಿಲ್ಲ.

ಜೂನ್ 20: ಐದು ಪದ. ಜೂನ್ 23: ಒಂಬತ್ತು. ಅವತ್ತು ಫೋನಿನಲ್ಲಿ ಅಪ್ಪನಿಗೆ ಬೈದಳು. ಬಿಪಿ ಮಾತ್ರೆ ಬಿಟ್ಟಿದ್ದಕ್ಕೆ. ಅಪ್ಪ ರಾಯದುರ್ಗದಲ್ಲಿ ಕೂತು, "ಹೂನಕ್ಕ, ತಗೊಂತೀನಕ್ಕ, ಆತಕ್ಕ" ಅಂದು ಫೋನಿಟ್ಟು ಅತ್ತರಂತೆ. ಬೈಸಿಕೊಂಡು ಖುಷಿಯಲ್ಲಿ ಅತ್ತ ಅರವತ್ತು ವರ್ಷದ ಗಂಡಸನ್ನು ನೀವು ಕಂಡಿದ್ದೀರಾ?

ಎಲ್ಲಾ ದಿನವೂ ಹೀಗೇ ಏರಲಿಲ್ಲ. 24ಕ್ಕೆ ಮತ್ತೆ ನಾಲ್ಕು. ಮೋಡ ಮುಸುಕಿ ಸೆಕೆ ಇತ್ತು, ಕರೆಂಟ್ ಇರಲಿಲ್ಲ. ಶಾರದಕ್ಕ ಮೊರದಿಂದ ಗಾಳಿ ಹಾಕಿದಳು. ಗಾಬರಿಯಾಗಿ ಜೋರಾಗಿ ಬೀಸಿದರೆ ಅತ್ತೆಗೂ ಗಾಬರಿ ಹತ್ತುತ್ತದೆ ಅಂತ ಅವಳೇ ಕಂಡುಕೊಂಡಿದ್ದಳು. ನಿಧಾನ ಬೀಸುತ್ತಾ, ಊರಿನ ಯಾರದೋ ಮದುವೆಯಲ್ಲಿ ಸಾರು ಸಾಲದೆ ನೀರು ಬೆರೆಸಿದ ಕಥೆ ಹೇಳಿದಳು. ಅತ್ತೆಯ ಉಸಿರು ಮೊರದ ಲಯಕ್ಕೆ ಬಂತು. ಇದನ್ನು ಯಾರು ಕಲಿಸಿದರು ಶಾರದಕ್ಕನಿಗೆ? ಏಳನೇ ಕ್ಲಾಸು ಓದಿದವಳು. ಅವಳ ಕೈಕೆಲಸ ನೋಡಿ ಸಿಸ್ಟರ್ ಮುಂದಿನ ಭೇಟಿಗೆ ಹೊಸ ನರ್ಸ್ ಒಬ್ಬಳನ್ನು ಕರೆದುಕೊಂಡು ಬಂದರು. "ಈಯಮ್ಮ ಮಾಡೋದು ನೋಡಿ ಕಲಿ" ಅಂದರು. ಶಾರದಕ್ಕ ನಾಚಿ ಒಳಗೆ ಹೋಗಿ ಎಲ್ಲರಿಗೂ ಟೀ ಇಟ್ಟಳು.

ಜೂನ್ 27, ಶುಕ್ರವಾರ. ಹುಳಕ್ಕೆ ನಾಲ್ಕನೇ ಜ್ವರ ಕಳೆದು ವಾರವಾಗಿತ್ತು. (ಹುಳ ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ.) ಗೂಡು ಕಟ್ಟುವಷ್ಟು ಹಣ್ಣಾದವೋ ಇಲ್ಲವೋ? ಬಾವ ನಾಳೆ ಅಂದ. ಶಾರದಕ್ಕನಿಗೂ ಅನುಮಾನ. ಒಂದು ದಿನ ಮುಂಚೆ ಬಿಟ್ಟರೂ ಕಷ್ಟ, ತಡವಾದರೂ ಕಷ್ಟ.

ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಗೆ ಮಾತ್ರೆ. ಹತ್ತಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬಾವ ಮತ್ತು ಶಾರದಕ್ಕ ಎರಡು ಕಡೆ ಹಿಡಿದು ಎತ್ತಿದರು. ನಾನು ಸ್ಟೂಲು, ರಾಗಿ ಮೂಟೆ, ಫ್ಯಾನು, ಇಷ್ಟನ್ನು ಹೊತ್ತು ಹಿಂದೆ. ಹುಳದ ಮನೆಯಲ್ಲಿ ಉದುರಿಸುವ ಸುಣ್ಣದ ಪುಡಿಯ ದೂಳು ಇರಬಾರದು ಅಂತ ಹಿಂದಿನ ದಿನವೇ ಎಲ್ಲಾ ಗುಡಿಸಿ ಒರೆಸಿಟ್ಟಿದ್ದೆವು. ಬಾಗಿಲ ಹತ್ತಿರ, ಗಾಳಿ ಬರುವ ಕಡೆ ಇಳಿಸಿದೆವು. ನಿಲ್ಲಿಸಿ ನಿಲ್ಲಿಸಿ ಬಂದದ್ದು ಹದಿನೇಳು ಮಾರು ದೂರ. ಮೂರು ಸಲ ಇಳಿಸಿದ್ದೆವು.

ಸ್ವಲ್ಪ ಹೊತ್ತು ಅಂಬಲಿ ಆರಿಸಿದಳು. ಬಾವ ಒಂದು ಹುಳ ತಂದು ಅಂಗೈಯಲ್ಲಿಟ್ಟ. ಅತ್ತೆ ಅದನ್ನು ಬೆಳಕಿಗೆ ಹಿಡಿದಳು. ಹುಳದೊಳಗೆ ಬೆಳಕು ಜೇನಿನ ಬಣ್ಣಕ್ಕೆ ತಿರುಗಿತ್ತು. ನಾವು ಮೂವರೂ ಅವಳ ಮುಖ ನೋಡುತ್ತಿದ್ದೆವು. ನನ್ನ ಪೆನ್ನು ಸಿದ್ಧವಿತ್ತು. ಅದು ಅವಳ ಕಣ್ಣಿಗೆ ಬಿತ್ತು.

"ಲೇ ಶಾನುಬಾಗಮ್ಮ, ನನ್ ಉಸ್ರು ಎಣ್ಸಾದು ಬುಟ್ಟು ಆ ಕಡೆ ಸ್ಟ್ಯಾಂಡ್ ನೋಡೇ, ಹುಳ ಹಣ್ಣಾಗಿ ತಲೆ ಎತ್ಕಂಡು ಕುಂತವೆ."

ಹದಿನೈದು ಪದ. ಒಂದೇ ಉಸಿರು. ಶಾನುಭೋಗಮ್ಮ ಅಂತ ಬೈಸಿಕೊಂಡೇ ಬರೆದೆ. ಬರೆದು ಅಡಿಗೆರೆ ಎಳೆದೆ. ಆಮೇಲೆ ಪೆನ್ನು ಇಟ್ಟು ಹುಳ ಆರಿಸಲು ಹೋದೆ. ಅವತ್ತು ಸಂಜೆಯವರೆಗೆ ಅವಳು ಬಾಗಿಲಲ್ಲಿ ಕೂತು, ಮಧ್ಯೆ ಮಧ್ಯೆ ಮೂಟೆಗೆ ಒರಗಿ, ನಮ್ಮೆಲ್ಲರನ್ನೂ ಆಡಿಸಿದಳು. ಯಾರ ಕೈ ಒರಟು, ಯಾರು ಹಸಿ ಹುಳ ಬಿಡುತ್ತಿದ್ದಾರೆ, ಯಾರು ಮಾತಾಡುತ್ತಾ ಕೆಲಸ ಕೆಡಿಸುತ್ತಿದ್ದಾರೆ. ನೋಡಲು ಬಂದ ಪಕ್ಕದ ಮನೆಯವರನ್ನೂ ಬಿಡಲಿಲ್ಲ. ಗೂಡು ಬಿಗಿಯಾಗಿ ಬಂದವು.

ಅದಾದ ಹದಿಮೂರನೇ ದಿನ, ಜುಲೈ 10, ಗುರುವಾರ ಬೆಳಿಗ್ಗೆ, ಅತ್ತೆ ಹೋದಳು. ಕೊನೆಯ ಎರಡು ದಿನ ಮಾತು ಕಡಿಮೆಯಾಗಿತ್ತು, ನಿದ್ದೆ ಹೆಚ್ಚಾಗಿತ್ತು. ಹೀಗಾಗುತ್ತದೆ ಅಂತ ಸಿಸ್ಟರ್ ಮೊದಲೇ ಹೇಳಿದ್ದರಿಂದ ಯಾರೂ ಆಂಬ್ಯುಲೆನ್ಸಿಗೆ ಓಡಲಿಲ್ಲ. ಕಿಟಕಿ ತೆರೆದಿತ್ತು. ಅವಳು ಒರಗಿ ಕೂತಿದ್ದಳು. ಹೆಗಲು ಕೆಳಗಿದ್ದವು. ಒದ್ದಾಟವಿರಲಿಲ್ಲ. ಹೋಗುವ ಹೊತ್ತಿನಲ್ಲಿ ಒದ್ದಾಟವಿರಲಿಲ್ಲ ಅನ್ನುವುದನ್ನು ಬರೆಯಲು ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ. ಕಾಲಮ್ಮಿನ ಗೆರೆಗಳನ್ನೆಲ್ಲ ದಾಟಿ, ಪುಟದ ಈ ಕಡೆಯಿಂದ ಆ ಕಡೆಗೆ ಬರೆದೆ.

ಕಾರ್ಯ ಮುಗಿದ ದಿನ ಬಂದಿದ್ದ ನೆಂಟರಲ್ಲಿ ಒಬ್ಬರು, ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಕೇಳಿದರು. "ಗುಣ ಆಗಲ್ಲ ಅಂತ ಮೊದ್ಲೇ ಗೊತ್ತಿತ್ತಂತೆ. ಮತ್ಯಾಕಮ್ಮ ಇಷ್ಟೆಲ್ಲಾ ಒದ್ದಾಡಿದ್ರಿ, ಫ್ಯಾನಂತೆ, ಮೂಟೆಯಂತೆ, ಹೊತ್ತೊತ್ತಿಗೆ ಮಾತ್ರೆಯಂತೆ?"

ಬಾವ ತಲೆ ತಗ್ಗಿಸಿದ. ಶಾರದಕ್ಕ ಊಟದ ಎಲೆ ಎತ್ತುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನಿಂತಳು.

"ಗುಣ ಆಗೋ ರೋಗ ಆಗಿದ್ರೆ ಔಷ್ದಿನೇ ಸಾಕಾಗ್ತಿತ್ತು, ನಾವ್ಯಾಕೆ ಬೇಕಾಗಿತ್ತು?"